ಲಿಫ್ಟಿನವರು ಮೆಟ್ಟಿಲು ಹತ್ತಬಾರದು

ಮ್ಯಾನೇಜರರ ಕಾಗದ ನನ್ನ ಮೇಜಿಗೆ ಬಂದದ್ದು ಗುರುವಾರ ಸಂಜೆ, ಎಲ್ಲರೂ ಚೀಲ ಹೆಗಲಿಗೇರಿಸುವ ಹೊತ್ತಿಗೆ. ‘ತಾವು ಪದೇ ಪದೇ ತಡವಾಗಿ ಬರುತ್ತಿರುವುದು ಗಮನಕ್ಕೆ ಬಂದಿದೆ. ನಾಳೆ ಮಧ್ಯಾಹ್ನದೊಳಗೆ ಲಿಖಿತ ಕಾರಣ ಕೊಡತಕ್ಕದ್ದು. ಉತ್ತರ ತೃಪ್ತಿಕರವಾಗಿಲ್ಲದಿದ್ದರೆ ತಮ್ಮನ್ನು ಖಾಯಂ ಮಾಡುವ ಪ್ರಶ್ನೆಯೇ ಉದ್ಭವಿಸುವುದಿಲ್ಲ.’ ಕೆಳಗೆ ಸಹಿ, ಸಹಿಯಡಿ ಎರಡು ಗೆರೆ. ಒಂದು ಗೆರೆ ಎಳೆದರೆ ಸಾಹೇಬರಿಗೆ ಸಿಟ್ಟು ಬಂದಿದೆ ಎಂದರ್ಥ. ಎರಡು ಎಳೆದರೆ ಮನೆಗೆ ಹೋಗಲು ತಯಾರಾಗಿ ಎಂದರ್ಥ.

ತಡವೇಕೆ ಆಗುತ್ತದೆ ಎಂಬುದು ಇಡೀ ಕಚೇರಿಗೆ ಗೊತ್ತು. ಬರೆಯುವ ಹಾಗಿಲ್ಲ, ಅಷ್ಟೆ. ನಮ್ಮದು ಲಿಫ್ಟು ರಿಪೇರಿ ಕಂಪನಿ. ಕಚೇರಿ ಐದನೇ ಮಹಡಿಯಲ್ಲಿ, ಹಾಜರಿ ಮೆಷಿನ್ನೂ ಅಲ್ಲೇ. ಊರವರ ಲಿಫ್ಟುಗಳನ್ನೆಲ್ಲ ನೆಟ್ಟಗೆ ಮಾಡುವ ನಮಗೆ ನಮ್ಮದನ್ನು ನೋಡಿಕೊಳ್ಳಲು ಪುರುಸೊತ್ತಿಲ್ಲ. ಮೂರು ಜನ ಹತ್ತಿದರೆ ಅದು ನರಳುತ್ತದೆ, ನಾಲ್ಕನೆಯವರು ಕಾಲಿಟ್ಟರೆ ಮುಷ್ಕರ ಹೂಡುತ್ತದೆ. ಬೆಳಗಾದರೆ ನಮ್ಮ ಸಾಲು ರಸ್ತೆವರೆಗೆ ಬಂದು ನಿಂತಿರುತ್ತದೆ.

ಮೆಟ್ಟಿಲು ಇಲ್ಲವೇ ಎಂದು ನೀವು ಕೇಳಬಹುದು. ಸೇರಿದ ದಿನ ನಾನೂ ಕೇಳಿದ್ದೆ.

“ಲಿಫ್ಟ್ ಕಂಪನಿಯವರೇ ಏದುಸಿರು ಬಿಡ್ತಾ ಮೆಟ್ಟಿಲು ಹತ್ತೋದನ್ನ ಗಿರಾಕಿಗಳು ನೋಡಿದ್ರೆ ನಮ್ಮ ಮರ್ಯಾದೆ ಏನಾಗ್ಬೇಕು?” ಎಂದಿದ್ದರು ಮ್ಯಾನೇಜರು.

ಆ ಮರ್ಯಾದೆ ಉಳಿಸಲೆಂದೇ ಮೆಟ್ಟಿಲ ಬಾಗಿಲಿಗೆ ಬೀಗ ಜಡಿದು, ಬೀಗದ ಕೈಯನ್ನು ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದರು. ತಾವು ಮಾತ್ರ ಎಲ್ಲರಿಗಿಂತ ಮೊದಲು ಬಂದು, ಖಾಲಿ ಲಿಫ್ಟಿನಲ್ಲಿ ಹಾಯಾಗಿ ಮೇಲೇರಿ, ಹಾಜರಿ ಮೆಷಿನ್ ಪಕ್ಕದಲ್ಲಿ ಕೈಕಟ್ಟಿ ನಿಂತಿರುತ್ತಿದ್ದರು. ಬೆನ್ನ ಹಿಂದೆ ನಾವು ಅವರನ್ನು ಅಲಾರಂ ಸಾಹೇಬರು ಎನ್ನುತ್ತಿದ್ದೆವು.

ಲಿಫ್ಟಿನಿಂದ ತಡವಾಯಿತು ಎಂದು ಬರೆದರೆ ಆ ಕಾಗದ ಹೆಡ್ ಆಫೀಸಿಗೆ ಹೋಗಿ ಸಾಹೇಬರ ಕುತ್ತಿಗೆಗೇ ಬರುತ್ತದೆ. ಹಾಗಾಗಿ ಎಲ್ಲರೂ ಸಂಸಾರವನ್ನು ಬಲಿ ಕೊಡುತ್ತಿದ್ದರು. ಲೆಕ್ಕಪತ್ರ ವಿಭಾಗದ ಅಣ್ಣ ಅಜ್ಜಿಯನ್ನು ಎಷ್ಟು ಸಲ ಸಾಯಿಸಿದ್ದಾರೋ ಅಜ್ಜಿಗೇ ಗೊತ್ತು. ಸ್ಟೋರಿನವರ ಭಾವ ಸ್ಕೂಟರಿನಿಂದ ಬೀಳದ ವಾರವಿಲ್ಲ.

ನಾನಿರುವುದು ದೂರು ವಿಭಾಗದಲ್ಲಿ. ಗಿರಾಕಿಗಳು ಬೆಂಕಿ ಕಾರಿದರೆ ಬೆಣ್ಣೆಯಂಥ ಉತ್ತರ ಕೊಡುವುದೇ ನನ್ನ ಕಸುಬು. ‘ತಮಗಾದ ಅನನುಕೂಲಕ್ಕೆ ವಿಷಾದಿಸುತ್ತೇವೆ’ ಎಂದು ನಿದ್ದೆಗಣ್ಣಲ್ಲೂ ಬರೆಯಬಲ್ಲೆ. ಆದರೆ ಆ ಸಂಜೆ ನನ್ನದೇ ಉತ್ತರಕ್ಕೆ ಮೊದಲ ಸಾಲು ಹುಟ್ಟಲಿಲ್ಲ.

“ನನಗೆ ಜ್ವರ ಅಂತ ಬರಿಯೇ,” ಎಂದಳು ಅಮ್ಮ, ಹೊಲಿಗೆ ಮೆಷಿನ್ ತುಳಿಯುತ್ತಲೇ. “ಎಲ್ಲರ ಮನೇಲೂ ಯಾರಿಗಾದ್ರೂ ಏನಾದ್ರೂ ಆಗ್ತಿದೆ. ನಾವೇನು ಕಮ್ಮಿ?”

ಅಪ್ಪ ಹೋದ ಮೇಲೆ ಆ ಮೆಷಿನ್ ತುಳಿದೇ ನನ್ನನ್ನು ಓದಿಸಿದವಳು ಅವಳು. ಕೆಲಸ ಖಾಯಂ ಆದ ದಿನ ಅದನ್ನು ಮೂಲೆಗೆ ತಳ್ಳಿ ಅವಳನ್ನು ಕೂರಿಸಬೇಕು ಎಂಬುದೊಂದೇ ನನ್ನ ಆಸೆ. ಕಣ್ಣೆದುರು ಗಟ್ಟಿಮುಟ್ಟಾಗಿ ಕೂತವಳಿಗೆ ಜ್ವರ ಎಂದು ಬರೆಯಲು ನನಗೆ ಕೈ ಬರಲಿಲ್ಲ. ಅಪಶಕುನ ಅನ್ನಿಸಿತು, ಅವಮಾನವೂ ಅನ್ನಿಸಿತು.

“ಹಾಗಾದ್ರೆ ನಿಜ ಬರಿ,” ಎಂದಳು.

“ನಿಜ ಬರೆದ್ರೆ ಕೆಲಸ ಹೋಗತ್ತಮ್ಮ.”

ಅಮ್ಮ ಮೆಷಿನ್ ತುಳಿಯುವುದನ್ನು ನಿಲ್ಲಿಸಿದಳು. ಮೆಷಿನ್ ನಿಂತರೆ ಅವಳು ಏನೋ ಲೆಕ್ಕ ಹಾಕುತ್ತಿದ್ದಾಳೆ ಎಂದು ನನಗೆ ಹೊಳೆಯಬೇಕಿತ್ತು.

ಮರುದಿನ ಸಾಲು ಕಟ್ಟುವ ಮೊದಲೇ ಹೋಗಿ, ಖಾಲಿ ಹಾಳೆ ಮುಂದಿಟ್ಟುಕೊಂಡು ಕೂತಿದ್ದೆ. ಸಾಹೇಬರು ಸಾಲಿನಲ್ಲಿ ಯಾರ್ಯಾರು ಹಿಂದೆ ಬಿದ್ದಿದ್ದಾರೆ ಎಂದು ಕಣ್ಣಾರೆ ನೋಡಲು ಕೆಳಗಿಳಿದಿದ್ದರು. ಸ್ವಲ್ಪ ಹೊತ್ತಿಗೆ ನನ್ನ ಮೇಜಿನ ಕೆಂಪು ಫೋನು ಅರಚಿಕೊಂಡಿತು. ಯಾವುದೇ ಲಿಫ್ಟಿನೊಳಗೆ ಸಿಕ್ಕಿಕೊಂಡವರು ಗುಂಡಿ ಒತ್ತಿದರೆ ರಿಂಗಾಗುವ ಫೋನು ಅದು.

“ಬೇಗ! ಲಿಫ್ಟ್ ನಿಂತುಬಿಟ್ಟಿದೆ! ನಾನು, ಮ್ಯಾನೇಜರು!”

“ನಮಸ್ಕಾರ. ತಮ್ಮ ಕರೆ ನಮಗೆ ಅಮೂಲ್ಯ. ಕಟ್ಟಡ ಯಾವುದು?”

“ನಮ್ಮದೇ ಕಟ್ಟಡ ಕಣ್ರೀ!”

ನನ್ನ ಮೇಲೆ ಕೋಪ ಮಾಡಿಕೊಳ್ಳಬೇಡಿ. ಕರೆ ಯಾರದೇ ಇರಲಿ, ಒಂದು ಪ್ರಶ್ನೆಯನ್ನೂ ಬಿಡಬಾರದು, ಉತ್ತರವನ್ನು ಹೇಳಿದ ಹಾಗೇ ಬರೆಯಬೇಕು, ಕೂಡಲೇ ಹೆಡ್ ಆಫೀಸಿಗೆ ಕಳಿಸಬೇಕು. ಇದು ಸಾಹೇಬರೇ ಮಾಡಿದ ಕಟ್ಟುನಿಟ್ಟಿನ ನಿಯಮ.

“ಒಳಗೆ ಎಷ್ಟು ಜನ ಇದ್ದೀರಿ?”

“ನಾನು, ಮತ್ತೆ ಯಾರೋ ಒಬ್ಬರು ಹೆಂಗಸು. ಸಾಲನ್ನ ತಡೆದು ಇಬ್ಬರೇ ಹತ್ತಿದ್ವಿ, ಆದ್ರೂ ನಿಂತಿದೆ!”

“ಯಾರೋ ಅಲ್ಲಪ್ಪಾ,” ಎಂದಿತು ಹಿಂದಿನಿಂದ ಒಂದು ದನಿ. ಅಮ್ಮ! “ದೂರು ಬರ್ಕೊಳ್ತಾಳಲ್ಲ, ಆ ಹುಡುಗಿ ಅಮ್ಮ ನಾನು. ಮ್ಯಾನೇಜರ್ ನೀವೇನಾ? ನಿಮ್ಮನ್ನ ನೋಡೋಕೇ ಬಂದೆ. ಒಳ್ಳೇದಾಯ್ತು, ಇಬ್ಬರಿಗೂ ಹೇಗೂ ಬೇರೆ ಕೆಲಸ ಇಲ್ಲ.”

ನಾನು ಮುಂದಿನ ಪ್ರಶ್ನೆ ಕೇಳಿದೆ. “ಹೀಗಾಗಿರುವುದು ಇದೇ ಮೊದಲ ಸಲವೇ?”

“ಎಂಥ ಮೊದಲ ಸಲ! ದಿನಾ ಬೆಳಗ್ಗೆ ಇದೇ ಗೋಳು! ಇಡೀ ಆಫೀಸು ಇದರಿಂದ್ಲೇ ತಡವಾಗಿ ಬರ್ತಿದೆ! ಬರ್ಕೊಂಡ್ರಾ?”

“ಬರ್ಕೊಂಡೆ ಸಾರ್.” ಕಳಿಸಿಯೂ ಬಿಟ್ಟೆ.

ನಮ್ಮ ಮೆಕ್ಯಾನಿಕ್ ಕೆಳಗೆ ಸಾಲಿನಲ್ಲೇ ನಿಂತಿದ್ದ. ಫೋನು ಮಾಡಿದರೆ ತಣ್ಣಗೆ ಹೇಳಿದ: “ಮೋಟಾರಿರೋದು ತಾರಸಿ ಮೇಲೆ. ಹೋಗೋಕೆ ಮೆಟ್ಟಿಲು ಬೇಕು. ಬೀಗದ ಕೈ ಎಲ್ಲಿದೆ ಅಂತ ನಿಮಗೇ ಗೊತ್ತಲ್ಲ ಮೇಡಂ.”

ಕೆಂಪು ಫೋನಿನಲ್ಲಿ ಸುದ್ದಿ ಮುಟ್ಟಿಸಿದೆ. ಆಮೇಲೆ ಅಮ್ಮನ ದನಿ: “ಜೇಬಿಂದ ತೆಗೀರಪ್ಪಾ. ಅಯ್ಯೋ, ಕೈ ಯಾಕೆ ಹಾಗೆ ನಡುಗ್ತಿದೆ? ಇಲ್ಲಿ ಕೊಡಿ, ಬಾಗಿಲ ಸಂದೀಲಿ ನಾನು ಬೀಳಿಸ್ತೀನಿ. ಹೆದರ್ಬೇಡಿ, ನಾನಿದ್ದೀನಲ್ಲ.”

ಬೀಗದ ಕೈ ತಳದಲ್ಲಿ ಠಣ್ಣೆಂದಿತು. ಮೆಕ್ಯಾನಿಕ್ ಅದನ್ನು ಹೆಕ್ಕಿ ಮೆಟ್ಟಿಲ ಬಾಗಿಲು ತೆರೆದದ್ದೇ ತಡ, ಅವನ ಹಿಂದೆ ಇಡೀ ಸಾಲು ಮೆಟ್ಟಿಲೇರಿ ಬಂತು. ಅಂದು ಒಬ್ಬರೂ ತಡವಾಗಲಿಲ್ಲ. ಲೆಕ್ಕಪತ್ರದ ಅಣ್ಣನ ಅಜ್ಜಿಗೂ ಒಂದು ದಿನ ಬಿಡುವು ಸಿಕ್ಕಿತು.

ಲಿಫ್ಟು ಮತ್ತೆ ಚಲಿಸಿದ ಮೇಲೆ ಕೊನೆಗೆ ಬಂದವರು ಸಾಹೇಬರು, ಜೊತೆಗೆ ಅಮ್ಮ. ಸಾಹೇಬರ ಅಂಗಿ ಬೆವರಿನಲ್ಲಿ ತೊಯ್ದಿತ್ತು, ಕೈಯಲ್ಲಿ ಅಮ್ಮನ ಚೀಲವಿತ್ತು. ಸಾಹೇಬರ ಕೋಣೆಯಲ್ಲಿ ಇಬ್ಬರಿಗೂ ನೀರು ಕೊಟ್ಟು, ಅಷ್ಟರಲ್ಲಿ ಬರೆದು ಮುಗಿಸಿದ್ದ ನನ್ನ ಉತ್ತರವನ್ನು ಮುಂದಿಟ್ಟೆ. ‘ಮಾನ್ಯರೇ, ನನ್ನ ವಿಳಂಬಕ್ಕೆ ಕಾರಣ ಈ ದಿನ ತಾವೇ ದಾಖಲಿಸಿದ ದೂರಿನಲ್ಲಿದೆ. ಪ್ರತಿ ಲಗತ್ತಿಸಿದೆ. ತಮಗಾದ ಅನನುಕೂಲಕ್ಕೆ ವಿಷಾದಿಸುತ್ತೇನೆ.’

ಅವರು ಓದಿ, ಬಾಗಿಲು ಮುಚ್ಚಿ, ದನಿ ತಗ್ಗಿಸಿದರು. “ದೂರು ಹೋದ್ರೆ ಹೋಗ್ಲಿ, ಗಾಬರೀಲಿ ಏನೋ ಅಂದೆ ಅಂತೀನಿ. ಆದ್ರೆ ಈ ಉತ್ತರಾನೂ ಹೆಡ್ ಆಫೀಸಿಗೆ ಹೋದ್ರೆ ನನ್ನ ಕಥೆ ಮುಗೀತು. ತಾಯಿಗೆ ಹುಷಾರಿರ್ಲಿಲ್ಲ ಅಂತ ಬರೆದುಕೊಡಿ. ಈಗಲೇ ಖಾಯಂ ಮಾಡಿ ಸಹಿ ಹಾಕ್ತೀನಿ.”

ಸುಳ್ಳು ಹೇಳಲಾರೆ, ಆ ಕ್ಷಣ ನನ್ನ ಬಾಯಲ್ಲಿ ನೀರೂರಿತು. ಹೊಲಿಗೆ ಮೆಷಿನ್ ಕಣ್ಣ ಮುಂದೆ ಬಂತು. ಅಮ್ಮನನ್ನು ನೋಡಿದೆ.

ಅಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದಳು. “ನನಗೇನಾಗಿದೆ ಸಾರ್? ಅಲ್ಲಿ ಕೈ ನಡುಗಿದ್ದು ಯಾರಿಗೆ ಅಂತ ನಾವು ಮೂವರೇ ಬಲ್ಲವರು. ಅದನ್ನ ನಾನು ಯಾರಿಗೂ ಹೇಳಲ್ಲ. ನಿಮಗೂ ಒಬ್ಬರು ತಾಯಿ ಇರ್ತಾರೆ, ಅವರಿಗೆ ಹುಷಾರಿಲ್ಲ ಅಂತ ಬರೀತೀರಾ, ನೋಡಿ.”

ಸಾಹೇಬರು ಬಹಳ ಹೊತ್ತು ಪೆನ್ನಿನ ಮುಚ್ಚಳ ತಿರುಗಿಸಿದರು. ಕೊನೆಗೆ ನನ್ನ ಉತ್ತರದ ಕೆಳಗೆ ‘ತೃಪ್ತಿಕರ’ ಎಂದು ಬರೆದು ಸಹಿ ಹಾಕಿದರು. ಈ ಸಲ ಗೆರೆ ಎಳೆಯಲಿಲ್ಲ. ಅಮ್ಮ ಮೆಟ್ಟಿಲಿಳಿದು ಹೋದಳು.

ಸೋಮವಾರ ಸುತ್ತೋಲೆ ಬಂತು: ‘ನೌಕರರ ಆರೋಗ್ಯದ ದೃಷ್ಟಿಯಿಂದ ಮೆಟ್ಟಿಲ ಬಾಗಿಲು ತೆರೆದಿಡಲಾಗಿದೆ.’ ನಾವೆಲ್ಲ ವೇಳೆಗೆ ಸರಿಯಾಗಿ ಬಂದು ಕೂತಿದ್ದೆವು. ಲಿಫ್ಟಿನ ಕಡೆ ತಲೆ ಹಾಕಲೂ ಹೆದರುತ್ತಿದ್ದ ಸಾಹೇಬರು ಮಾತ್ರ ಕಾಣಲಿಲ್ಲ. ತುಂಬ ಹೊತ್ತಾದ ಮೇಲೆ ಗೋಡೆ ಹಿಡಿದುಕೊಂಡು, ಏದುಸಿರು ಬಿಡುತ್ತಾ ಮೇಲೆ ಬಂದು, ಹಾಜರಿ ಮೆಷಿನ್ನನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

ನಾನು ಕುರ್ಚಿ ಎಳೆದು ಕೂರಿಸಿ, ನೀರು ಕೊಟ್ಟು, ಅವರ ಮುಂದೆ ಒಂದು ಖಾಲಿ ಹಾಳೆ ಇಟ್ಟೆ.