ಗಾಲಿಗೆ ನೀರು

ಕಾಗಿಣಾ ಹೊಳೆಗೆ ಸೇತುವೆ ಬಂದು ಸಾಬಣ್ಣನ ಹರಿಗೋಲು ದಂಡೆಯ ಮೇಲೆ ಬೋರಲು ಬಿದ್ದು ಎಷ್ಟೋ ಕಾಲವಾಗಿತ್ತು. ಅವನೀಗ ಭಂಕೂರದ ಒಂದು ಫರಸಿ ಕಾರ್ಖಾನೆಯಲ್ಲಿ ನೆಲಕ್ಕೆ ಹಾಸುವ ಕಲ್ಲಿಗೆ ಪಾಲಿಶ್ ಹೊಡೆಯುತ್ತಿದ್ದ. ಸಂಜೆ ಮನೆಗೆ ಬಂದರೆ ಹುಬ್ಬು, ಮೀಸೆ, ಕಿವಿಯ ಸಂದು ಎಲ್ಲ ಕಲ್ಲಿನ ಪುಡಿಯಿಂದ ಬಿಳಿ. ಹರಿಗೋಲು ಹೋಯಿತು ನಿಜ, ಆದರೆ ಅದರ ಒಂದು ಪದ್ಧತಿಯನ್ನು ಹೆಂಡತಿ ಹೀರಾಬಾಯಿ ಬಿಟ್ಟಿರಲಿಲ್ಲ. ಅಂಬಿಗರ ಆ ಮನೆಯಲ್ಲಿ ದಿನದ ಮೊದಲ ಸಲ ಹರಿಗೋಲು ಹೊರಡುವಾಗ ಮನೆಯ ಹೆಂಗಸು ಹೊಳೆಯ ನೀರನ್ನು ಕೊಡದಲ್ಲಿ ತಂದು ಅದರ ಮುಂದೆ ಸುರಿಯಬೇಕು. ಮನೆಯವಳ ನೀರು ದಾಟಿ ಹೋದವನನ್ನು ಹೊಳೆ ಮುಳುಗಿಸುವುದಿಲ್ಲ ಎಂಬ ನಂಬಿಕೆ. ಈಗ ಅವಳು ಆ ನೀರನ್ನು ಮಗ ದತ್ತುವಿನ ಸೈಕಲ್ ಮುಂದೆ ಸುರಿಯುತ್ತಿದ್ದಳು. ಅವನು ಶಾಲೆಗೆ ಹೋಗುವಾಗಲೂ ಸುರಿದಳು, ದೊಡ್ಡವನಾಗಿ ರೇಸಿಗೆ ಹೋಗುವಾಗಲೂ ಸುರಿದಳು. ದತ್ತುವೂ ಅಷ್ಟೆ, ಅವ್ವನ ಕೈಯಲ್ಲಿ ಕೊಡ ಕಂಡರೆ ಸಾಕು, ಮುಂದಿನ ಗಾಲಿಯನ್ನು ನೀರಿನ ಕಡೆ ತಿರುಗಿಸಿ, ಒದ್ದೆ ಮಾಡಿಕೊಂಡೇ ಪೆಡಲ್ ತುಳಿಯುತ್ತಿದ್ದ.

ತೊಂಬತ್ತೆಂಟರ ಚಳಿಗಾಲದಲ್ಲಿ ಗುಲಬರ್ಗಾದಿಂದ ಶಹಾಬಾದ್ ಮೇಲೆ ವಾಡಿಗೆ ಹೋಗಿ ಅದೇ ದಾರಿಯಲ್ಲಿ ತಿರುಗಿ ಬರುವ ದೊಡ್ಡ ರೇಸ್ ಇಟ್ಟರು. ಮಿಲಿಟರಿಯವರು, ರೈಲ್ವೆಯವರು, ವಿಜಾಪುರದ ಕಡೆಯವರು ಬಂದರು. ಸೈಕಲ್ ಹೊಡೆಯುವುದಕ್ಕೇ ಪಗಾರ ತೆಗೆದುಕೊಳ್ಳುವ ಮಂದಿ. ಅಂಥವರ ನಡುವೆ ಮೊದಲ ಮೂವರಲ್ಲಿ ಬಂದರೆ ತಂಡಕ್ಕೂ ನೌಕರಿಗೂ ತೆಗೆದುಕೊಳ್ಳುತ್ತೇವೆ ಎಂದು ರೈಲ್ವೆ ತಂಡದ ಸಾಹೇಬರು ದತ್ತುವಿಗೆ ಹೇಳಿದ್ದರು. ವಯಸ್ಸಿನ ಲೆಕ್ಕದಲ್ಲಿ ಅವನಿಗೆ ಅದೇ ಕೊನೆಯ ವರ್ಷ. ಆಗದಿದ್ದರೆ ಅಪ್ಪನ ಪಕ್ಕದ ಮಷಿನ್ ಖಾಲಿ ಇತ್ತು. ಮಾಲಕ ಎರಡು ಸಲ ಕೇಳಿಯೂ ಆಗಿತ್ತು. ಮಗ ಆ ಪುಡಿಯಲ್ಲಿ ನಿಲ್ಲಬಾರದು. ಸಾಬಣ್ಣನಿಗೆ ಬೇರೆ ಆಸೆಯೇ ಇರಲಿಲ್ಲ.

ರೇಸಿನ ದಿನ ಮನೆಮಂದಿಯೆಲ್ಲ ಪಕ್ಕದ ಮನೆಯ ಜಿಲಾನಿಯ ಟೆಂಪೋದಲ್ಲಿ ಭಂಕೂರ ತಿರುವಿಗೆ ಹೊರಟರು. ರೊಟ್ಟಿ, ಶೇಂಗಾ ಹಿಂಡಿ, ಬದನೇಕಾಯಿ ಪಲ್ಯದ ಗಂಟು ಮಗಳು ರಾಧಿಕಾಳ ಮಡಿಲಲ್ಲಿ. ಹೀರಾಬಾಯಿಯ ಮಡಿಲಲ್ಲಿ ತುಂಬಿದ ಕೊಡ.

"ಕಾಕಿ, ಅಲ್ಲಿ ಬೋರಿಂಗ್ ಅದರೀ. ಕೊಡ ಯಾಕ ಹೊತ್ಗೊಂಡು ಬಂದೀರಿ?" ಎಂದ ಜಿಲಾನಿ.

"ಬೋರಿಂಗ್ ನೀರು ಕುಡೀಲಿಕ್ಕಪ್ಪಾ. ಇದು ಹೊಳಿ ನೀರು, ನನ್ನ ಮಗನ ಗಾಲಿಗಿ. ರಾತ್ರಿ ಗುಲಬರ್ಗಾದಾಗೇ ಉಳದಾನ. ನೀರು ಹಾಕಿಸ್ಕೊಳ್ದೇ ಹೊಂಟಾನ."

"ದಿನಾ ಗಾಡಿ ನಾನೂ ಹೊಡೀತೀನಿ. ನನ್ನ ಗಾಲಿಗಿ ಒಂದ್ ತಂಬಗಿನಾದ್ರೂ ಹಾಕೀರೇನು?"

"ನಿನ್ನ ಟೆಂಪೋ ಹೊಳ್ಯಾಗ ಇಳಿಸಿದ್ರೂ ಚಾಲೂ ಆಗಂಗಿಲ್ಲ ಬಿಡಣ್ಣ," ಎಂದಳು ರಾಧಿಕಾ. ಹೀರಾಬಾಯಿ ಕೂಡ ನಕ್ಕಳು.

ತಿರುವಿನ ಎರಡೂ ಕಡೆ ಫರಸಿ ಕಾರ್ಖಾನೆಗಳು, ರಸ್ತೆಗೆ ಹತ್ತಿಯೇ ಒಟ್ಟಿದ ಕಲ್ಲಿನ ಥರಗಳು. ಪಾಲಿಶಿನ ಕೆಸರು ಹೊತ್ತ ಟ್ರ್ಯಾಕ್ಟರುಗಳು ಅಲ್ಲಿ ತಿರುಗುವಾಗ ಚೆಲ್ಲಿಕೊಂಡು ಹೋಗುತ್ತಿದ್ದವು. ಅದು ಒಣಗಿ ಡಾಂಬರಿನ ಮೇಲೆ ಜೋಳದ ಹಿಟ್ಟು ಜರಡಿ ಹಿಡಿದ ಹಾಗೆ ಕೂತಿತ್ತು.

ಸೈಕಲ್‌ಗಳು ಬಂದದ್ದೂ ಹೋದದ್ದೂ ಒಂದೇ ಆಯಿತು. ಜೇನು ಎದ್ದಂಥ ಸದ್ದು, ಬಣ್ಣಬಣ್ಣದ ಬೆನ್ನುಗಳು, ಮುಖಕ್ಕೆ ಬಡಿದ ಧೂಳು. ಕೊಡ ಸೊಂಟದಿಂದ ಇಳಿಸುವಷ್ಟರಲ್ಲಿ ರಸ್ತೆ ಖಾಲಿ.

"ನಮ್ಮ ದತ್ತು ಯಾವನವಾ?"

"ಹೋದ ಯವ್ವಾ. ಕೆಂಪು ಅಂಗಿ," ಎಂದಳು ರಾಧಿಕಾ.

"ಅಯ್ಯ, ಇಷ್ಟು ನೋಡ್ಲಿಕ್ಕ ನಸುಕಿನಾಗ ಎದ್ದು ರೊಟ್ಟಿ ಬಡದೆನಾ!"

ಸುತ್ತ ನಿಂತವರೆಲ್ಲ ನಕ್ಕರು. ಹೀರಾಬಾಯಿ ಮಾತ್ರ ಕೊಡದ ಬಾಯಿಗೆ ಸೆರಗು ಮುಚ್ಚಿ, "ನೀರು ಹಾಕೋದು ಆಗ್ಲಿಲ್ಲಲ್ಲ," ಎಂದಳು.

"ವಾಪಸ್ ಬರ್ತಾರ, ಆವಾಗ ಹಾಕು," ಎಂದ ಸಾಬಣ್ಣ.

ಬೇವಿನ ಗಿಡದ ಕೆಳಗೆ ಗಂಟು ಬಿಚ್ಚಿದರು. ಉಣ್ಣುವಾಗ ವಾಡಿಯ ಕಡೆಯಿಂದ ಮೋಟರ್‌ಸೈಕಲ್ ಮೇಲೆ ಬಂದವನೊಬ್ಬ ಕೂಗಿ ಹೋದ: ನಾಲ್ಕೇ ಮಂದಿ ಮುಂದೆ ಬಿದ್ದಿದ್ದಾರೆ, ಅದರಲ್ಲಿ ಕೆಂಪು ಅಂಗಿಯ ನಮ್ಮ ಹುಡುಗ ಇದ್ದಾನೆ. ಸಾಬಣ್ಣನ ಬಾಯೊಳಗಿನ ತುತ್ತು ಅಲ್ಲೇ ನಿಂತಿತು. ಕೈ ತೊಳೆಯದೆ ಎದ್ದು ರಸ್ತೆಯ ಅಂಚಿಗೆ ಹೋದ.

ಪೊಲೀಸ್ ಜೀಪಿನ ಸೈರನ್ ಕೇಳಿಸಿತು. ಅದರ ಹಿಂದೆ ದಿಬ್ಬದ ಮೇಲೆ ನಾಲ್ಕು ಚುಕ್ಕೆಗಳು ಎದ್ದವು, ಒಂದು ಕೆಂಪು.

"ಇಲ್ಲಿ ಕೇಳ್ರಿ, ಈಗ ಹಾಕ್ಲೇನು?"

ಸಾಬಣ್ಣನ ಕಣ್ಣು ದಿಬ್ಬದ ಮೇಲಿತ್ತು. "ಹಾಕು, ಹಾಕು," ಎಂದ.

ನೀರು ರಸ್ತೆಗೆ ಬಿದ್ದ ಸದ್ದು ಕಿವಿಗೆ ಬಿದ್ದಾಗಲೇ ಅವನು ತಿರುಗಿದ್ದು. ಬಿಳಿ ಪುಡಿ ಬೂದಿ ಬಣ್ಣಕ್ಕೆ ತಿರುಗಿ, ಎಣ್ಣೆ ಸವರಿದ ಹಾಗೆ ಮಿಂಚುತ್ತಿತ್ತು. ಕಾರ್ಖಾನೆಗೆ ಹೊಸದಾಗಿ ಬಂದವನಿಗೆ ಅವನೇ ಮೊದಲು ಹೇಳುವ ಮಾತು, ಹಸಿ ಪುಡಿಯ ಮೇಲೆ ಕಾಲಿಡಬೇಡ ಎಂಬುದು. ಇವತ್ತು ಅದು ನೆನಪಾಗಿರಲಿಲ್ಲ. ಇವತ್ತು ಅವನು ಮನಸ್ಸಿನಲ್ಲಿ ಹೊಳೆಯ ದಂಡೆಯ ಮೇಲೆ ನಿಂತಿದ್ದ.

"ದತ್ತಾ! ಬ್ಯಾಡೋ! ಆ ಕಡಿ!"

ಅಪ್ಪನ ದನಿಗೆ ದತ್ತು ತಲೆ ಎತ್ತಿದ. ಅವ್ವ ಕಂಡಳು, ಅವಳ ಕೈಯಲ್ಲಿ ಖಾಲಿ ಕೊಡ ಕಂಡಿತು. ಬೆವರಿದ ಮುಖದಲ್ಲಿ ನಗು ಮೂಡಿತು. ಉಳಿದ ಮೂವರು ಒದ್ದೆ ಕಂಡು ಆಚೆಯ ಅಂಚಿಗೆ ಸರಿದರು. ಅವನೊಬ್ಬನೇ ಗಾಲಿಯನ್ನು ನೀರಿನ ಕಡೆ ತಿರುಗಿಸಿದ.

ಮುಂದಿನ ಗಾಲಿ ಮೊದಲು ಜಾರಿತು. ಸೈಕಲ್ ಒಂದು ಕಡೆ, ಅವನು ಒಂದು ಕಡೆ. ಮೊಳಕಾಲು ಹೋಗಿ ಬಡಿದದ್ದು ರಸ್ತೆಯಂಚಿನ ಫರಸಿಯ ಥರಕ್ಕೆ. ಆ ಸದ್ದು ಕಾರ್ಖಾನೆಯಲ್ಲಿ ಸಾಬಣ್ಣ ದಿನವೂ ಕೇಳುವ ಸದ್ದೇ, ಕಲ್ಲು ಸೀಳುವಾಗಿನದು.

ಗುಲಬರ್ಗಾದ ಆಸ್ಪತ್ರೆಯ ವರಾಂಡದಲ್ಲಿ ಹೀರಾಬಾಯಿ ಹಣೆ ಹಣೆ ಬಡಿದುಕೊಂಡಳು. "ತಡಾ ಆಯ್ತು ನಂದು. ಮುಂಜಾನೀನೇ ಬಂದು ನೀರು ಹಾಕಿದ್ರ ಹಿಂಗ ಆಗ್ತಿದ್ದಿಲ್ಲ." ಸಾಬಣ್ಣ ಗೋಡೆಗೆ ಒರಗಿ ಕೂತಿದ್ದ. ಒಳಗೆ ಹೋದಾಗ ದತ್ತು ಅವನ ಕೈ ಹಿಡಿದ.

"ಯಪ್ಪಾ, ಪುಡಿ ಸುದ್ದಿ ಅವ್ವಗ ಹೇಳಬ್ಯಾಡ."

"ನಾನೇ ಹಾಕು ಅಂದೆ, ದತ್ತಾ."

"ಅದೂ ಹೇಳಬ್ಯಾಡ."

ಮೊಳಕಾಲು ಮತ್ತೆ ಮಡಚಲಿಲ್ಲ. ಕಾರಹುಣ್ಣಿಮೆ ಕಳೆದ ಮೇಲೆ ದತ್ತು ಫರಸಿ ಕಾರ್ಖಾನೆಯ ಕೆಲಸಕ್ಕೆ ಹೊರಟ, ಅಪ್ಪನ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತು, ನೆಟ್ಟಗಾದ ಕಾಲನ್ನು ಮುಂದಕ್ಕೆ ಚಾಚಿಕೊಂಡು. ಸಾಬಣ್ಣ ಹ್ಯಾಂಡಲ್ ಹಿಡಿದು ನಿಂತಿದ್ದ. ಹೀರಾಬಾಯಿ ಹೊಳೆಯಿಂದ ಲಗುಬಗೆಯಲ್ಲಿ ಬಂದಳು, ಸೊಂಟದಲ್ಲಿ ತುಂಬಿದ ಕೊಡ, ಸೀರೆಯ ಅಂಚು ಒದ್ದೆ.

"ತಡೀರಿ. ಈ ಸಲ ತಡಾ ಮಾಡಿಲ್ಲ ನೋಡು, ದತ್ತಾ."

ಸಾಬಣ್ಣನ ಕೈ ಬ್ರೇಕಿನ ಮೇಲೆ ಬಿಗಿಯಿತು.

"ಹಾಕು ಯವ್ವಾ," ಎಂದ ದತ್ತು.

ಅವಳು ಸುರಿದಳು. ನೀರು ಅಂಗಳದ ಮಣ್ಣಿನಲ್ಲಿ ಹರಿದು ಗಾಲಿಯ ತನಕ ಬಂದು ನಿಂತಿತು.

"ಗಾಲಿ ಒದ್ದಿ ಆಗ್ಲಿಲ್ಲ. ಚೂರು ಮುಂದ ತಗೋರಿ," ಎಂದಳು ಗಂಡನಿಗೆ.

ಸಾಬಣ್ಣ ಸೈಕಲ್ಲನ್ನು ಮುಂದಕ್ಕೆ ದಬ್ಬಿದ.