ಚಿಲಕಕ್ಕೆ ಕಟ್ಟಿದ ಕೆಂಪು ಬಟ್ಟೆ

ಮಧ್ಯಾಹ್ನ ಹಿಂದಿನ ಕೋಣೆಯ ಚಿಲಕದಲ್ಲಿ ಕೆಂಪು ಬಟ್ಟೆಯ ಚೂರು ಕಂಡು ಬಡಗಿಯ ಹೆಂಡತಿ ಬಾಗಿಲಿಗೆ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಳು.

ಯುದ್ಧದಲ್ಲಿ ಅವಳ ಗಂಡ ನೆಲದೊಳಗಿನ ಬಾಂಬು ಹುಡುಕಿ ತೆಗೆಯುವ ದಳದಲ್ಲಿದ್ದವನು. ಅಪಾಯವಿದ್ದಲ್ಲಿ ಅವರು ಕೆಂಪು ಬಟ್ಟೆ ಕಟ್ಟುತ್ತಿದ್ದರು. ಕಟ್ಟಿದವನೇ ಬಂದು ಬಿಚ್ಚುವವರೆಗೆ ಯಾರೂ ದಾಟುವಂತಿರಲಿಲ್ಲ. ಊರಿಗೆ ಬಂದ ಮೇಲೆ ಅವನು ಬಡಗಿ ಕೆಲಸಕ್ಕೆ ಮರಳಿದ, ನಿದ್ದೆ ಮಾತ್ರ ಅವನಿಗೆ ಮರಳಲಿಲ್ಲ. ಚಮಚ ಬಿದ್ದರೂ ಎದ್ದು ಕೂರುವ ಮನುಷ್ಯ ಈಗ ಬಾಗಿಲು ಬಡಿದರೂ ಓಗೊಡುತ್ತಿಲ್ಲ.

"ರೀ... ಏನ್ರೀ!"

ಸದ್ದಿಲ್ಲ. ಯುದ್ಧದಿಂದ ಬಾಂಬೇನಾದರೂ ಬಚ್ಚಿಟ್ಟು ತಂದಿದ್ದನೇ? ತನಗೆ ತಾನೇ ಏನಾದರೂ ಮಾಡಿಕೊಂಡನೇ? ದಿನವೂ ಹೇಳುವ ಪ್ರಾರ್ಥನೆಯ ಮೊದಲ ಸಾಲೇ ಅವಳಿಗೆ ನೆನಪಾಗಲಿಲ್ಲ.

ಎದುರಿನ ಸೈಕಲ್ ಅಂಗಡಿಗೆ ಓಡಿದಳು. ಅಂಗಡಿಯವನೂ ಅದೇ ದಳದವನು. ಎಲ್ಲದಕ್ಕೂ ಮೊದಲು ಮೂಗು ತೂರಿಸುತ್ತಿದ್ದುದರಿಂದ ಜೊತೆಯವರು ಇಟ್ಟ ಹೆಸರು ಮುಂಗುಸಿ.

"ಕೆಂಪು ಬಟ್ಟೇನಾ?" ಮುಂಗುಸಿಯ ಮುಖದ ನಗು ಇಂಗಿತು. ಚಕ್ರದ ಕಡ್ಡಿಯೊಂದನ್ನು ಎತ್ತಿಕೊಂಡು ಬಂದ. "ಅತ್ತಿಗೆ, ಹಿಂದೆ ನಿಲ್ಲಿ. ಇನ್ನೂ ಹಿಂದೆ."

ನೆಲಕ್ಕೆ ಹೊಟ್ಟೆ ಹಚ್ಚಿ, ಬಾಗಿಲಡಿಯ ಸಂದಿಯಲ್ಲಿ ಕಡ್ಡಿಯನ್ನು ಮೆಲ್ಲಮೆಲ್ಲನೆ ಆಡಿಸಿದ. ತಂತಿಗಿಂತಿ ಏನೂ ತಗುಲಲಿಲ್ಲ. ಆದರೆ ಹೊರಗೆಳೆದಾಗ ಕಡ್ಡಿಯ ತುದಿ ಒದ್ದೆಯಾಗಿತ್ತು. ಕಪ್ಪುಗೆಂಪು.

ಅವಳು ಗೋಡೆ ಹಿಡಿದುಕೊಂಡಳು.

ಮುಂಗುಸಿ ಅದನ್ನು ಮೂಸಿದ. ಬೆರಳಲ್ಲಿ ಉಜ್ಜಿ ಇನ್ನೊಮ್ಮೆ ಮೂಸಿದ. "ಥೂ ಇವನ! ಅತ್ತಿಗೆ, ಇದು ವಾರ್ನಿಷ್ಷು!" ಬಡಗಿಯ ಮನೆಯಲ್ಲಿ ದಿನವೂ ಇದ್ದದ್ದೇ ಆ ವಾಸನೆ, ಇಬ್ಬರೂ ಗಮನಿಸಿರಲಿಲ್ಲ.

ಬಾಗಿಲು ತಳ್ಳಿದರು. ಹಲಗೆ ನೆಲವೆಲ್ಲ ಹಸಿ ವಾರ್ನಿಷಿನಲ್ಲಿ ಮಿರುಗುತ್ತಿತ್ತು. ಅವಳ ಹೊಲಿಗೆ ಯಂತ್ರಕ್ಕೆಂದು, ನಾಳೆ ನಾಳೆ ಎನ್ನುತ್ತ ಅವನು ಮುಂದೂಡುತ್ತಲೇ ಬಂದಿದ್ದ ಕೋಣೆ. ಆಚೆ ಗೋಡೆಯ ಬೆಂಚಿನ ಮೇಲೆ, ಬ್ರಷ್ಷನ್ನು ಎದೆಗವಚಿಕೊಂಡು ಬಡಗಿ ಬಾಯಿ ತೆರೆದು ಮಲಗಿದ್ದ. ಎದೆ ಏರಿಳಿಯುತ್ತಿತ್ತು.

"ಬಾಗಿಲಿಂದ ಶುರು ಮಾಡಿದಾನೆ ನೋಡಿ," ಮುಂಗುಸಿ ಪಿಸುಗುಟ್ಟಿದ. "ಬಾಂಬು ಹುಡುಕುವಾಗ ನಮ್ಮ ರೂಢಿ ಅದೇ. ಬಾಗಿಲಿಂದ ಒಳಕ್ಕೆ, ಚೂರೂ ಜಾಗ ಬಿಡದೆ. ಈಗ ಈಚೆ ಬರೋಕೆ ದಾರಿ ಇಲ್ಲ. ನೀವು ತುಳಿದುಬಿಟ್ಟೀರಾ ಅಂತ ಬಟ್ಟೆ ಬೇರೆ! ಮಹಾ ಬುದ್ಧಿವಂತ."

"ನೀನೇನು ಕಮ್ಮಿನಾ? ವಾರ್ನಿಷ್ ಹಿಡಿಯೋಕೆ ಹೊಟ್ಟೆ ಮೇಲೆ ತೆವಳಿದೆಯಲ್ಲಪ್ಪಾ," ಎಂದು ಅವಳು ಕಣ್ಣೊರೆಸಿಕೊಂಡು ನಕ್ಕಳು.

ಅಷ್ಟರಲ್ಲಿ ಬೀದಿಯಲ್ಲಿ ಲಾರಿಯ ಟೈರೊಂದು ಢಮಾರನೆ ಸಿಡಿಯಿತು. ಮುಂಗುಸಿ ದಬಕ್ಕನೆ ಕೋಣೆಯ ನೆಲಕ್ಕೆ ಬಿದ್ದ. ಮುಖ, ಅಂಗಿ ಎಲ್ಲ ವಾರ್ನಿಷ್. ಅವಳು ಥಟ್ಟನೆ ಬೆಂಚಿನತ್ತ ನೋಡಿದಳು.

ಬಡಗಿ ಮಗ್ಗುಲು ಬದಲಿಸಿದ. ಅಷ್ಟೇ. ಆಮೇಲೆ ಗೊರಕೆ ಶುರುವಾಯಿತು, ಮೊಂಡು ಗರಗಸ ಎಳೆದಂತೆ. ಮರೆತಿದ್ದ ಪ್ರಾರ್ಥನೆಯ ಸಾಲು ತಾನಾಗಿ ಅವಳ ನಾಲಗೆಗೆ ಬಂತು.

ಮುಂಗುಸಿ ಎದ್ದು ನಿಂತ. "ಎಬ್ಬಿಸಲಾ?"

"ಎಬ್ಬಿಸಿ ನೋಡು, ಕೈ ಮುರೀತೀನಿ." ಅವನ ನಡುಗುವ ಕೈ ಹಿಡಿದು ಹೊಸ್ತಿಲಾಚೆ ಕೂರಿಸಿದಳು. "ಕೂತ್ಕೊ, ಟೀ ಮಾಡ್ತೀನಿ. ಮುಖ ಒರೆಸ್ಕೊ, ಒಣಗಿದರೆ ನೀನೇ ಕುರ್ಚಿ ಥರ ಹೊಳೀತೀಯ."

ಬಾಗಿಲನ್ನು ಸದ್ದಾಗದಂತೆ ಮುಂದೆ ಮಾಡಿದಳು. ಕೆಂಪು ಬಟ್ಟೆಯನ್ನು ಮುಟ್ಟಲಿಲ್ಲ. ಕಟ್ಟಿದವನೇ ನಿದ್ದೆ ತಿಳಿದೆದ್ದು ಬಂದು ಬಿಚ್ಚಲಿ.