ಫೊಲಿಯ ಫೋಟೋ

ಸೈಟಿಗೆ ಹಾಕೋ ಫೈಲಿನ ಆ ತಪಾಸಣೆ ಕಿತ್ತು ಬಿಸಾಕು ತಾಯಿ, ಫೋಟೋನ ಫೋಟೋ ಅಲ್ಲ ಅಂತಿದೆ ನಿನ್ನ ಜಾಣ ಯಂತ್ರ, ಅಂತ ಗಾಮೆಲಿ ಅಣ್ಣ ಗೊಣಗುತ್ತಲೇ ಇದ್ದಾನೆ, ಕೇಟಾ ಊರಿನ ಸಾವಿನ ಸುದ್ದಿಗಳಿಗೆಲ್ಲ ವೆಬ್‌ಸೈಟು ಮಾಡಿಸಿದವನು ಅವನು, ಕಟ್ಟಿಕೊಟ್ಟವಳು ಎಸಿನಾಮ್, ಬೈಸಿಕೊಳ್ಳುವವಳೂ ಅವಳೇ, ಬೈಯಲಿ ಪಾಪ, ಅವಳ ಕಣ್ಣೆಲ್ಲ ಪಕ್ಕದಲ್ಲಿ ಕೂತ ಕಾಫುಯಿ ಅತ್ತೆಯ ಮೇಲೆ — ಮೈಯೆಲ್ಲ ಹೊಗೆಮೀನಿನ ವಾಸನೆ, ಅಮ್ಮನ ವಾಸನೆಯೂ ಇದೇ ಅಲ್ಲವೇ — ಅತ್ತೆಯ ಗಂಡ ಫೊಲಿ ಅಬಿಜಾನಿನ ಕಡಲಲ್ಲಿ ಮುಳುಗಿದ, ದೇಹವೂ ಸಿಗಲಿಲ್ಲ, ಉಳಿದಿರೋದು ಈ ಫೋಟೋ ಒಂದೇ ಮಗಳೇ, ಅಂತಾಳೆ ಅತ್ತೆ, ಅವನ ಜೊತೆಗಾರ ಬಂದು ಫೋನಿಂದ ಫೋನಿಗೆ ಹಾಕಿಕೊಟ್ಟಿದ್ದು, ನನ್ನ ಫೋನಲ್ಲಿ ತೆರೆಯೋದೇ ಇಲ್ಲ, ಫೋನು ಮುದಿಯಾಗಿದೆ ಅಂದ್ಕೊಂಡಿದ್ದೆ, ಇಲ್ಲಾದ್ರೂ ಮುಖ ನೋಡ್ತೀನಿ ಅಂತ ಬಂದೆ. ತಪಾಸಣೆ ತೆಗೆಯುವುದು ಎಷ್ಟು ಹೊತ್ತಿನ ಕೆಲಸ, ತೆಗೆದರೆ ಆ ಜಾಗದಲ್ಲಿ ಒಂದು ಒಡಕು ಚೌಕ ಕೂತಿರುತ್ತದೆ, ಊರೆಲ್ಲ ನೋಡುತ್ತದೆ, ಫೈಲು ಕೆಟ್ಟಿದೆ ಎಂದು ಅತ್ತೆ ಅಳಿಸಿಯೂಬಿಡುತ್ತಾಳೆ — ಬೇಡ, ಹೆಸರು ನೋಡಿ ಒಳಗೆ ಬಿಡಬೇಡ ಕಣೇ ಹುಡುಗಿ, ಇಂಟರ್ನೆಟ್ ಕೆಫೆಯ ದೋತ್ಸೆ ಮಾಮನ ಹಳೇ ದನಿ ಕಿವಿಯಲ್ಲಿ, ಡಬ್ಬಿ ಮೇಲೆ ಬೆಣ್ಣೆ ಅಂತಿದ್ರೆ ಒಳಗೂ ಬೆಣ್ಣೆ ಇರತ್ತಾ, ನಿಮ್ಮಮ್ಮ ಮೆಣಸಿನ ಗೊಜ್ಜು ತುಂಬಿಟ್ಟಿರ್ತಾಳೆ, ಮುಚ್ಚಳ ತೆಗೆದು ಮೂಸು, ಫೈಲಿನ ಮೊದಲಕ್ಷರಗಳನ್ನು ಓದಲು ಕಲಿಸಿದವನು ಅವನು, ಒಂದು ಪೈಸೆ ಕೇಳದೆ, ದೇವರು ಅವನನ್ನು ತಣ್ಣಗಿಟ್ಟಿರಲಿ — ಫೈಲಿನ ಮುಚ್ಚಳ ತೆಗೆದಳು, ಮೊದಲಲ್ಲೇ ಎ ಎಮ್ ಆರ್, ಅಯ್ಯೋ, ಇದು ಹಳೇ ಫೋನುಗಳು ದನಿ ಹಿಡಿದಿಡುತ್ತಿದ್ದ ಬಗೆ! ಆ ಗುಂಡಿ ಫೋನುಗಳು ಹಾಡು, ಮಾತು ಯಾವುದನ್ನೂ ಇನ್ನೊಂದಕ್ಕೆ ದಾಟಿಸಲು ಬಿಡುತ್ತಿರಲಿಲ್ಲ, ಫೋಟೋ ಮಾತ್ರ ಬಿಡುತ್ತಿದ್ದವು, ಅದಕ್ಕೇ ಕಡಲತೀರದ ಹುಡುಗರೆಲ್ಲ ಹಾಡಿಗೂ ಫೋಟೋದ ಹೆಸರಿಟ್ಟು ಸಾಗಿಸುತ್ತಿದ್ದರು, ತಾನೂ ಸಾಗಿಸಿದ್ದಳು — ಹೆಸರು ಬದಲಿಸಿದಳು, ಒತ್ತಿದಳು, ಮೊದಲು ಗಾಳಿ, ಅಲೆ, ಆಮೇಲೆ ಗಂಡಸಿನ ನಗು, ಕಾಫುಯೀ, ಒಲೆ ಮೇಲೆ ಮೀನಿಟ್ಟು ಪಕ್ಕದ ಮನೆಯವಳ ಹತ್ರ ಹರಟ್ತಾ ನಿಂತಿದೀಯ ತಾನೇ, ಸೀದುಹೋಗತ್ತೆ ನೋಡು. ಸೀದಿಲ್ಲ ಮಾರಾಯ, ಅಂದಳು ಅತ್ತೆ, ಎದುರಿಗೇ ನಿಂತವನಿಗೆ ಹೇಳುವ ಹಾಗೆ, ನೀನೊಬ್ಬ, ಯಾವಾಗ್ಲೂ ಇದೇ ಆಯ್ತು. ಗಾಮೆಲಿ ಅಣ್ಣ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದಾನೆ, ಬೈಗುಳ ಎಲ್ಲಿ ಹೋಯಿತೋ, ಹಾಗಾದ್ರೆ ಮುಖದ ಜಾಗಕ್ಕೆ ಏನು ಹಾಕೋದಮ್ಮಾ? ಇದನ್ನೇ ಹಾಕೋಣ ಅಣ್ಣ, ಇವತ್ತಿಂದ ದನಿಗೂ ಬಾಗಿಲು ತೆಗೀತೀನಿ, ಒಂದೇ ಒಂದು ಸಾಲು ಸೇರಿಸಿದರಾಯಿತು — ದೋತ್ಸೆ ಮಾಮ, ಕೇಳಿಸಿತಾ ನಿನಗೆ — ಇನ್ನೊಂದ್ಸಲ ಹಾಕು ಮಗಳೇ, ಹಾಕಿದಳು, ಗಾಳಿ, ಅಲೆ, ನಗು ಇನ್ನೂ ಬಂದಿರಲಿಲ್ಲ, ಅಷ್ಟರಲ್ಲಿ ಅತ್ತೆ ಕೂತಲ್ಲೇ ತುಸು ಸರಿದು, ತನ್ನ ಮಗ್ಗುಲಲ್ಲಿ ಜಾಗ ಬಿಟ್ಟಳು, ಒಬ್ಬರು ಕೂರುವಷ್ಟು ಜಾಗ, ಒಬ್ಬರು ಕೂರುವಷ್ಟು —